ಲೀಡ್ಸಿನಲ್ಲಿ ಜಪಾನಿನ ನೆಂಟರಿಗೆ ಏನು ಬಡಿಸೋದು?

ಫೆಬ್ರವರೀಲಿ ನಾನೂ ನಮ್ಮ ಮನೆಯವರೂ ಇಂಗ್ಲೆಂಡಿಗೆ ಮಗಳ ಮನೆಗೆ ಹೋಗಿದ್ವಲ್ಲ, ಅಲ್ಲಿನ ಬೇಸಾಯದ ಬಗ್ಗೆ ಬರೀರಿ ಅಂತ ಸುಮಾರು ಜನ ಕೇಳಿದ್ರಿ. ನಾನು ಅಲ್ಲಿನ ಬೇಸಾಯ ಕಂಡಿದ್ದು ಹೊಲದಲ್ಲಿ ಕಮ್ಮಿ, ಅಡಿಗೆಮನೇಲಿ ಜಾಸ್ತಿ. ಅದನ್ನೇ ಬರೀತೀನಿ.

ಮಗಳು ಅಳಿಯಂದ್ರು ಇರೋದು ಯಾರ್ಕ್‌ಷೈರ್ ಸೀಮೆಯ ಲೀಡ್ಸ್ ಪಟ್ಟಣದಲ್ಲಿ. ಅಳಿಯಂದ್ರ ಆಫೀಸಿನ ಕೆಲಸಕ್ಕೆ ಜಪಾನಿನಿಂದ ಗಂಡ ಹೆಂಡ್ತಿ ಬಂದಿದ್ರು. ಭಾನುವಾರ ಊಟಕ್ಕೆ ಕರೆದ್ರೆ ಅವರು, 'ಇಂಡಿಯಾ ಊಟ ಟೋಕಿಯೋದಲ್ಲೂ ಸಿಗುತ್ತೆ, ಈ ದೇಶದ ಹಳೇ ಊಟ ಮನೇಲಿ ಮಾಡಿದ್ದು ತಿನ್ನಬೇಕು' ಅಂದ್ರಂತೆ. ಮಗಳು ಹೂಂ ಅಂದ್ಬಿಟ್ಲು. ತಲೆನೋವು ಶುರುವಾಗಿದ್ದು ಆಮೇಲೆ. ನಾವೇ ಹೊರಗಿನೋರು, ಬರೋರೂ ಹೊರಗಿನೋರು, ಊಟ ಮಾತ್ರ ಬ್ರಿಟಿಷರದು. ಕೆಟ್ರೆ ಯಾರ ಹೆಸರು ಕೆಡೋದು ಹೇಳಿ.

ಮೀನು ಚಿಪ್ಸು ಅಂದ್ರೆ ಅಂಗಡೀಲಿ ಕರಿಸ್ಕೊಂಡು ತಿನ್ನೋದು, ಬೇಡ ಅಂತಾಯ್ತು. ಚಿಕನ್ ಟಿಕ್ಕಾ ಮಸಾಲಾ ಮಾಡೋಣ ಅಂತ ಅಳಿಯಂದ್ರು ತಮಾಷೆ ಮಾಡಿದ್ರು. 2001ರಲ್ಲಿ ಅಲ್ಲಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅದೇ ಬ್ರಿಟನ್ನಿನ ರಾಷ್ಟ್ರೀಯ ಅಡಿಗೆ ಅಂದಿದ್ರಂತೆ! ನನಗೆ ಆಸೆ ಹುಟ್ಟಿದ್ದು 'ಪ್ಲೋಮನ್ಸ್ ಲಂಚ್' ಮೇಲೆ. ಅಂದ್ರೆ ನೇಗಿಲು ಹೂಡೋನ ಊಟ. ಬ್ರೆಡ್ಡು, ಚೀಸು, ಉಪ್ಪಿನಕಾಯಿ ಥರದ್ದು. ಅಲ್ಲಿನ ಹೊಲದಾಳುಗಳು ಬ್ರೆಡ್ಡು ಚೀಸು ಬುತ್ತಿ ಕಟ್ಕೊಂಡು ಹೋಗ್ತಿದ್ದದ್ದು ನಿಜವೇ. ಆದ್ರೆ ಆ ಹೆಸರು ಮೆರೆಸಿದ್ದು 1950, 60ರ ದಶಕದಲ್ಲಿ, ಚೀಸ್ ವ್ಯಾಪಾರ ಏರಿಸೋಕೆ ಅಂತ ಅಲ್ಲಿನ ಹಾಲು ಚೀಸಿನ ಮಂಡಳಿಯವರು. ರೈತನ ಹೆಸರು ಹಾಕಿದ್ರೆ ಮಾಲು ಬೇಗ ಹೋಗುತ್ತೆ ಅಂತ ಅಲ್ಲಿನೋರಿಗೂ ಗೊತ್ತು ಕಣ್ರಪ್ಪಾ.

ಮಗಳ ಮನಸ್ಸು ಶೆಫರ್ಡ್ಸ್ ಪೈ ಮೇಲಿತ್ತು. ಕುರಿ ಕೈಮಾ ಮೇಲೆ ಹಿಸುಕಿದ ಆಲೂಗಡ್ಡೆ ಹಾಸಿ ಓವನ್‌ನಲ್ಲಿಡೋದು. ಪಕ್ಕದ ಮನೆ ಅಜ್ಜಿ, ರೈತರ ಮನೇಲಿ ಹುಟ್ಟಿದೋರು, ಒಪ್ಪಲಿಲ್ಲ. ಅದು ಭಾನುವಾರ ಉಳಿದ ಮಾಂಸದಲ್ಲಿ ಸೋಮವಾರ ಮಾಡೋದು, ಕರೆಸ್ಕೊಂಡ ನೆಂಟರಿಗೆ ತಂಗಳು ಹಾಕ್ತೀರಾ ಅಂದ್ರು. ಮೊದಲು ಭಾನುವಾರದ ಊಟ ಮಾಡಿ, ಅದೂ ಯಾರ್ಕ್‌ಷೈರಿನ ಪದ್ಧತೀಲಿ ಅಂತ ಅಪ್ಪಣೆ ಆಯ್ತು.

ಆ ಊಟಕ್ಕೆ ವಾಡಿಕೆ ದನದ ಮಾಂಸ. ನಮ್ಮನೇಲಿ ಅದು ಆಗಲ್ಲ. ಕುರಿ ತೊಡೆ ಇಡಿಯಾಗಿ ತಂದ್ವಿ. ಆ ಕಡೆ ಗುಡ್ಡದ ಸ್ವೇಲ್‌ಡೇಲ್ ಕುರಿ ಕಪ್ಪು ಮುಖದ್ದು, ಕೊಂಬಿನದು, ಹಿಮಕ್ಕೂ ಜಗ್ಗದ ತಳಿ. ತೊಡೆಗೆ ಬೆಳ್ಳುಳ್ಳಿ ಸಿಗಿಸಿ ಓವನ್ನಿಗೆ ಇಟ್ಟದ್ದಾಯ್ತು. ನಂಜಿಕೊಳ್ಳೋಕೆ ಪುದೀನ, ವಿನೆಗರ್, ಸಕ್ಕರೆ ಹಾಕಿದ ಚಟ್ನಿ. ಮೆಣಸಿನಕಾಯಿ ಇಲ್ಲದ್ದನ್ನ ಚಟ್ನಿ ಅನ್ನೋಕೆ ನಮ್ಮ ಮನೆಯವರು ಒಪ್ಪಲಿಲ್ಲ, ಬಿಡಿ.

ಊಟದ ಜೀವ ಇದ್ದದ್ದು ಯಾರ್ಕ್‌ಷೈರ್ ಪುಡಿಂಗಲ್ಲಿ. ಹೆಸರು ಕೇಳಿ ಸಿಹಿ ಅಂದ್ಕೋಬೇಡಿ. ಮೊಟ್ಟೆ, ಹಾಲು, ಮೈದಾ ಒಂದೇ ಲೋಟದಲ್ಲಿ ಸಮ ಅಳೆದು ಕಲಸಿ, ಹೊಗೆಯಾಡೋ ಕೊಬ್ಬಿಗೆ ಹುಯ್ದು ಓವನ್ನಿಗೆ ಇಡೋದು. 20 ನಿಮಿಷ ಬಾಗಿಲು ತೆಗೆಯೋ ಹಂಗಿಲ್ಲ, ತೆಗೆದ್ರೆ ಕುಸಿಯುತ್ತೆ. 1747ರ ಹಾನಾ ಗ್ಲಾಸ್ ಅನ್ನೋಳ ಅಡಿಗೆ ಪುಸ್ತಕದಲ್ಲೇ ಇದು ಇದೆ. ಈಗ ಮಾಂಸದ ಜೊತೇಲೇ ಬಡಿಸ್ತಾರೆ. ಹಿಂದೆ ಪುಡಿಂಗು, ಮಾಂಸದ ರಸ ಎರಡನ್ನೇ ಮೊದಲು ಹಾಕೋರಂತೆ. ಹೊಟ್ಟೆ ಅರ್ಧ ತುಂಬಿದ್ರೆ ಮಾಂಸ ಎಲ್ಲರಿಗೂ ಸಾಲುತ್ತೆ. ಪುಡಿಂಗ್ ಜಾಸ್ತಿ ತಿಂದೋರಿಗೆ ಮಾಂಸ ಜಾಸ್ತಿ ಅಂತ ಮಕ್ಕಳಿಗೆ ಆಸೆ ಹುಟ್ಟಿಸೋರಂತೆ ಅಜ್ಜಿ ಮನೇಲಿ. ನಾಲ್ಕು ತುಂಡು ಬಾಡಿಗೆ ಎರಡು ಮುದ್ದೆ ಇಳಿಸ್ತಿದ್ದ ನಮ್ಮಂಥೋರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಹಳೇ ಪದ್ಧತೀಲೇ ಬಡಿಸೋಣ ಅಂತ ನಾನು ಹಟ ಹಿಡಿದೆ.

ಸಿಹಿಗೆ ರೂಬಾರ್ಬ್. ನೀವು ಕೇಳಿದ ಬೇಸಾಯ ಇದೇ. ಲೀಡ್ಸ್ ಪಕ್ಕದ ಮಾರ್ಲಿ, ರಾತ್‌ವೆಲ್, ವೇಕ್‌ಫೀಲ್ಡ್ ನಡುವಿನ ನೆಲದಲ್ಲಿ ಇದರ ಬುಡವನ್ನ ಎರಡು ವರ್ಷ ಫಸಲು ಮುಟ್ಟದೆ ಬೆಳೆಸ್ತಾರೆ. ಗೊಬ್ಬರಕ್ಕೆ ಉಣ್ಣೆ ಮಿಲ್ಲಿನ ಕಸ ಹಾಕೋ ರೂಢಿ. ನಿಧಾನಕ್ಕೆ ಕೊಳೀತಾ ಸಾರಜನಕ ಬಿಡುತ್ತೆ. ಚಳಿ ಹೊಡೆದ ಮೇಲೆ ಬುಡ ಕಿತ್ತು ಕತ್ತಲೆ ಶೆಡ್ಡಿನಲ್ಲಿ ಕಾವು ಕೊಟ್ಟು ಇಡ್ತಾರೆ. ಆಲೂಗಡ್ಡೆ ಮೂಟೆ ಕತ್ತಲಲ್ಲಿ ಮೊಳಕೆ ಬಿಡೋ ಹಂಗೆ, ಬುಡದಲ್ಲಿ ಕೂಡಿಟ್ಟ ಶಕ್ತಿಯಲ್ಲೇ ಎಳೇ ಗುಲಾಬಿ ದಂಟು ಏಳುತ್ತೆ. ಬೆಳಕು ತಾಗಬಾರದು ಅಂತ ಮೇಣದ ಬತ್ತಿ ಹಚ್ಕೊಂಡು ಕೀಳೋದು. ಫಸಲು ಮುಗಿದ ಮೇಲೆ ಬುಡ ಗೊಬ್ಬರಕ್ಕೆ. 2010ರಲ್ಲಿ ಇದಕ್ಕೆ ನಮ್ಮ ನಂಜನಗೂಡು ರಸಬಾಳೆಗೆ ಇರೋ ಥರ ಊರಿನ ಗುರುತು ಸಿಕ್ತು. ಎಲೆ ವಿಷ, ದಂಟು ಮಾತ್ರ ತಿನ್ನೋದು. ಹುಣಸೆ ಥರ ಹುಳಿ. ಸಕ್ಕರೆ ಹಾಕಿ, ಮೇಲೆ ಮೈದಾ ಬೆಣ್ಣೆ ಉಜ್ಜಿದ ಪುಡಿ ಉದುರಿಸಿ ಬೇಯಿಸಿದ್ಲು ಮಗಳು.

ಜಪಾನಿನೋರು ಪುಡಿಂಗನ್ನ ಎರಡೆರಡು ಸಲ ಹಾಕಿಸ್ಕೊಂಡ್ರು. ಕೊನೇಲಿ ಆ ಹೆಣ್ಮಗಳು, ಈ ಗುಲಾಬಿ ದಂಟು ಎಲ್ಲೀದು ಅಂತ ಕೇಳಿದ್ಲು. ಮಗಳು ಥಟ್ಟಂತ ಇಂಗ್ಲಿಷಿನಲ್ಲಿ ನಮ್ಮೂರಿಂದೇ ಅಂದ್ಲು. ಅವಳ ಬಾಯಲ್ಲಿ ನಮ್ಮೂರು ಅಂದ್ರೆ ನಮ್ಮೂರೇ ಆಗಿತ್ತು ಇಷ್ಟು ದಿನ. ನಮ್ಮ ಮನೆಯವರು ನನ್ನ ಮುಖ ನೋಡಿದ್ರು. ನಾನು ಇನ್ನೊಂದು ಸೌಟು ಹಾಕವ್ವ ಅಂತ ಬಟ್ಟಲು ಚಾಚಿದೆ.

ಬುಡ ತಂದ್ಯಾ ಅಂತ ಫೋನ್ ಮಾಡಬೇಡಿ. ಮಣ್ಣು ಮೆತ್ತಿದ ಬೇರನ್ನ ವಿಮಾನದಲ್ಲಿ ಹಂಗೆಲ್ಲ ತರೋ ಹಂಗಿಲ್ಲ. ತಂದ್ರೂ ಅದಕ್ಕೆ ಬೇಕಾದ ಚಳಿ ನಮ್ಮ ಕಡೆ ಎಲ್ಲಿದೆ?