ವರ್ಷಕ್ಕೊಂದು ಫೋನು: ಕೊಳ್ಳೇಗಾಲದ ದಾರಿಯಲ್ಲಿ ಕೇಳಿದ ಲೆಕ್ಕಗಳು

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮೇಲೆ ಹೊರಟು ಕಾವೇರಿ ದಾಟಿದರೆ ಸತ್ತೇಗಾಲ, ಅದರಾಚೆ ಕೊಳ್ಳೇಗಾಲ. ಒಟ್ಟು ಸುಮಾರು 140 ಕಿಲೋಮೀಟರ್. ರೇಷ್ಮೆ ಊರು ಅಂತಲೇ ಎಲ್ಲರಿಗೂ ಪರಿಚಯ. ಮದುವೆ ನಿಶ್ಚಯವಾಯಿತೆಂದರೆ ಕಾರು, ಟೆಂಪೊ ಮಾಡಿಕೊಂಡು ಇಲ್ಲಿಗೆ ಜವಳಿ ತೆಗೆಯಲು ಬರುವವರು ಈಗಲೂ ಇದ್ದಾರೆ. ಆದರೆ ಬಸ್ಸಿಳಿದು ಪೇಟೆಯಲ್ಲಿ ನಡೆದರೆ ಸೀರೆ ಅಂಗಡಿಗಳ ನಡುನಡುವೆ ಮೊಬೈಲ್ ಅಂಗಡಿಗಳು. ‘ಹಳೆಯದು ತನ್ನಿ, ಹೊಸದು ಒಯ್ಯಿರಿ’ ಎನ್ನುವ ಬೋರ್ಡು, ಬಾಗಿಲಲ್ಲಿ ಬಲೂನು, ಒಳಗೆ ಕಂತಿನ ಸಾಲ ಬರೆದುಕೊಳ್ಳಲು ಒಂದು ಪುಟ್ಟ ಟೇಬಲ್ಲು.

ಈ ಸಲ ಮೂರು ದಿನ ರಜೆ ಹಾಕಿ ಅತ್ತೆ ಮನೆಯಲ್ಲಿದ್ದು ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿದೆ. ಜಲಪಾತ, ದೇವಸ್ಥಾನ, ಕಾಡು ಎಲ್ಲ ನೋಡಿದ್ದಾಯಿತು. ಹೋದಲ್ಲೆಲ್ಲ ಒಂದು ಪ್ರಶ್ನೆಯೂ ಜೊತೆಗೆ ಬಂತು. ಇರುವ ಫೋನು ಚೆನ್ನಾಗೇ ಇರುವಾಗ ಕೆಲವರು ವರ್ಷ ವರ್ಷ ಹೊಸದು ಯಾಕೆ ಕೊಳ್ಳುತ್ತಾರೆ? ದುಡ್ಡು ಹೆಚ್ಚಾದವರು ಕೊಳ್ಳಲಿ ಬಿಡಿ, ಅದು ಬೇರೆ ವಿಷಯ. ಕಷ್ಟಪಟ್ಟು ಕೊಳ್ಳುವವರ ಲೆಕ್ಕ ಏನು?

ಮೊದಲ ಲೆಕ್ಕ: ಭರಚುಕ್ಕಿ

ಮೊದಲ ದಿನ ಅತ್ತೆಯ ಮಗ ಭರಚುಕ್ಕಿಗೆ ಕರೆದುಕೊಂಡು ಹೋದ. ನಮ್ಮ ಶಿವನಸಮುದ್ರಕ್ಕೆ ದೊಡ್ಡ ಚರಿತ್ರೆ ಇದೆ. 1902ರಲ್ಲಿ ಇಲ್ಲಿ ತಯಾರಾದ ಕರೆಂಟು ಕಂಬಗಳ ಮೇಲೆ ಸುಮಾರು ತೊಂಬತ್ತು ಮೈಲಿ ದೂರ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಈಗ ಅದೇ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಅಲ್ಲಿ ಜೋಡಣೆಯಾದ ಫೋನು ಯಾರದೋ ಜೇಬಿನಲ್ಲಿ ಕೂತು ಇಲ್ಲಿಗೇ ಬಂದು ನೀರಿನ ಮುಂದೆ ಸೆಲ್ಫಿ ತೆಗೆಯುತ್ತದೆ!

ಅತ್ತೆಯ ಮಗನಿಗೆ ಮದುವೆ ಫೋಟೊ, ವಿಡಿಯೊ ತೆಗೆಯುವುದೇ ಕಸುಬು. ದೊಡ್ಡ ಕ್ಯಾಮೆರಾ ಇದ್ದೇ ಇದೆ. ಆದರೆ ರೀಲ್ಸ್ ಫೋನಿನಲ್ಲೇ ಆಗಬೇಕು, ಅವತ್ತೇ ಕೈಗೆ ಸಿಗಬೇಕು. ಅವನು ಪ್ರತಿ ವರ್ಷ ಫೋನು ಬದಲಾಯಿಸುತ್ತಾನೆ. ಯಾಕಪ್ಪ ಅಂದೆ.

“ಹುಡುಗ ಹುಡುಗಿ ಬಂದು ಮೊದ್ಲು ಕೇಳೋದೇ ಅದ್ನ ಭಾವ, ರೀಲ್ಸ್ ಯಾವ ಫೋನಲ್ಲಿ ತೆಗೀತೀರ ಅಂತ. ಹಳೇದು ಅಂದ್ರ ಪಕ್ಕದ ಸ್ಟುಡಿಯೋಗ ಹೋಯ್ತಾರ. ನಿಮ್ಗ ಲ್ಯಾಪ್‌ಟಾಪ್ ಕಂಪ್ನಿ ಕೊಡ್ತದ. ನನ್ಗ ನಾನೇ ಕಂಪ್ನಿ.”

ಅವನ ಲೆಕ್ಕ ಚೊಕ್ಕವಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಬಂದಾಗ ಅದರ ಆರಂಭದ ಮಾದರಿಗೆ 79,900 ರೂಪಾಯಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಐಫೋನ್ 16 ಬಂದದ್ದೂ ಅದೇ 79,900ಕ್ಕೆ. ಕೂಡಲೇ 15ರ ಬೆಲೆ 69,900ಕ್ಕೆ ಇಳಿಯಿತು. ಸೀಲ್ ಒಡೆಯದ ಪೆಟ್ಟಿಗೆಗೇ ಹತ್ತು ಸಾವಿರ ಇಳಿದರೆ ಬಳಸಿದ ಫೋನಿನ ಗತಿ ಹೇಳಬೇಕೆ? ಅದಕ್ಕೇ ಮದುವೆಗಳಿಲ್ಲದ ಆಷಾಢದಲ್ಲೇ ಅವನು ಗಿರಾಕಿ ಹುಡುಕಿಟ್ಟುಕೊಳ್ಳುತ್ತಾನೆ. ಹಳೆಯದು ಮಾರಿದ ದುಡ್ಡು ಕಳೆದು ಉಳಿದದ್ದೇ ಅವನ ಪಾಲಿಗೆ ವರ್ಷದ ಖರ್ಚು. ಅದನ್ನು ಆ ವರ್ಷದ ಮದುವೆಗಳಿಗೆ ಹಂಚಿಬಿಡುತ್ತಾನೆ. ಎಂಬತ್ತು ಸಾವಿರ ಎನ್ನುವ ಅಂಕಿ ಅವನ ತಲೆಯಲ್ಲಿ ಇಲ್ಲವೇ ಇಲ್ಲ. ಇರುವುದು ಹಳೆಯದಕ್ಕೂ ಹೊಸದಕ್ಕೂ ನಡುವಿನ ವ್ಯತ್ಯಾಸ ಮಾತ್ರ.

ಈ ಲೆಕ್ಕದಲ್ಲಿ ಕಾಣದ ಒಂದು ಕಾಲಂ ಕೂಡ ಇದೆ. 2020ರ ಏಪ್ರಿಲ್‌ನಿಂದ ಮೊಬೈಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 79,900ರಲ್ಲಿ ಸುಮಾರು 12,000 ತೆರಿಗೆಯೇ ಆಯಿತು. ಪ್ರತಿ ವರ್ಷ ಹೊಸದು ತಗೊಂಡರೆ ಪ್ರತಿ ವರ್ಷ ಅಷ್ಟು ಕಟ್ಟಿದಂತೆ. ಆದರೂ ಫೋನೇ ಅನ್ನ ಕೊಡುತ್ತಿರುವಾಗ ಅವನು ಮಾಡುವುದು ದುಂದು ಎನ್ನಲು ನನಗೆ ಬಾಯಿ ಬರಲಿಲ್ಲ.

ಉಳಿದವರ ಮಾತೇನು? ಒಂದೇ ವರ್ಷದಲ್ಲಿ ಫೋನು ನಿಜವಾಗಿ ಹಳೆಯದಾಗುತ್ತದೆಯೇ? ಕಂಪ್ಯೂಟರ್ ಕೆಲಸದವನಾಗಿ ಹೇಳುವುದಾದರೆ, ಇಲ್ಲ. ಫೋನಿನಲ್ಲಿ ಮೊದಲು ಮುದಿಯಾಗುವುದು ಬ್ಯಾಟರಿ. ಪೂರ್ತಿ ಖಾಲಿಯಾಗಿ ಪೂರ್ತಿ ತುಂಬುವುದನ್ನು ಒಂದು ಸುತ್ತು ಅಂದುಕೊಂಡರೆ, ಸುಮಾರು 500 ಸುತ್ತಾದ ಮೇಲೆ ಬಹಳ ಫೋನುಗಳ ಬ್ಯಾಟರಿ ಶಕ್ತಿ ಐದರಲ್ಲಿ ನಾಲ್ಕು ಪಾಲಿಗೆ ಇಳಿದಿರುತ್ತದೆ. ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದರೆ ಸಾಕು. ಇನ್ನು ಸಾಫ್ಟ್‌ವೇರ್. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದವು. ಕಂಪನಿಗಳೇ ಏಳು ವರ್ಷ ಬಾಳುತ್ತದೆ ಎನ್ನುವ ವಸ್ತುವನ್ನು ನಾವು ಹನ್ನೆರಡು ತಿಂಗಳಿಗೆ ಬಿಡುತ್ತೇವೆ. ಹಾಗಿದ್ದರೆ ಹಳೆಯದಾಗಿದ್ದು ಏನು?

ಅತ್ತೆಯ ಬೀರು

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಗನನ್ನು ತರಾಟೆಗೆ ತೆಗೆದುಕೊಂಡರು. “ಇರೋದು ಚೆಂದಾಗೇ ಅದಲ್ಲ, ಮತ್ತ್ಯಾಕ ಇನ್ನೊಂದು?” ಅವನು ತುತ್ತು ನುಂಗಿ ನಿಧಾನಕ್ಕೆ ಕೇಳಿದ: “ಅವ್ವ, ನಿನ್ನ ಬೀರೂಲಿ ಎಷ್ಟು ರೇಷ್ಮೆ ಸೀರೆ ಹರ್ದೋಗಿದ್ದೋ ಅಂತ ಹೊಸದು ತಕ್ಕಂಡೆ?”

ನಾನು ನಕ್ಕುಬಿಟ್ಟೆ. ಯೋಚಿಸಿದರೆ ಅವನು ಹೇಳಿದ್ದು ಇಡೀ ಕೊಳ್ಳೇಗಾಲದ ಕಥೆ. ಹಳೆಯದು ಹರಿಯಿತು ಅಂತ ಯಾರೂ ರೇಷ್ಮೆ ಸೀರೆ ಕೊಳ್ಳುವುದಿಲ್ಲ. ಮದುವೆ ಬಂತು, ಹಬ್ಬ ಬಂತು, ನಾದಿನಿ ಹೊಸದು ಉಟ್ಟಳು, ಅದಕ್ಕೆ ಕೊಳ್ಳುತ್ತಾರೆ. ಬೇಕಾದಷ್ಟೇ ಕೊಳ್ಳುವ ಪದ್ಧತಿ ಇದ್ದಿದ್ದರೆ ಇಲ್ಲಿನ ಮಗ್ಗಗಳು ಎಂದೋ ನಿಲ್ಲುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಹುಳ ಸಾಕುವವರ ಕೈಗೆ ದುಡ್ಡು ಬರುವುದು ಆ ಸೀರೆಯಿಂದಲೇ. ಹುಳ ಚಂದ್ರಿಕೆ ಹತ್ತಿ, ಗೂಡಾಗಿ, ಮಾರುಕಟ್ಟೆ ಸೇರಲು ಒಂದು ಬೆಳೆಗೆ ಹೆಚ್ಚೂಕಡಿಮೆ ಒಂದು ತಿಂಗಳು. ಸಂಬಳದ ಹಾಗೆ ತಿಂಗಳಾದರೆ ತಪ್ಪದೆ ಬರುವ ದುಡ್ಡಲ್ಲ ಅದು. ಬಂದರೆ ಒಟ್ಟಿಗೆ, ಕೈ ತುಂಬ ಬರುತ್ತದೆ. ಅಂಥ ದಿನವೇ ಮೊಬೈಲ್ ಅಂಗಡಿಯ ಬಲೂನು ಜೋರಾಗಿ ಅಲ್ಲಾಡುವುದು.

ಅತ್ತೆ ಸುಮ್ಮನೆ ಬಿಡುವವರಲ್ಲ. “ನನ್ನ ಸೀರೆ ನಾಳೆ ನನ್ನ ಸೊಸೆಗ ಆಯ್ತದ. ನಿನ್ನ ಫೋನ ಯಾವ ಸೊಸೆಗ ಕೊಟ್ಟೀಯ?” ಎಂದರು. ಅದೂ ನಿಜವೇ. ಒಳ್ಳೆಯ ಜರಿ ಎಂದರೆ ಚಿನ್ನದ ಲೇಪದ ಬೆಳ್ಳಿ ಎಳೆ. ಬಟ್ಟೆ ಜೀರ್ಣವಾದ ಮೇಲೂ ಆ ಜರಿಗಾಗಿಯೇ ಹಳೆ ಸೀರೆ ಕೊಳ್ಳುವವರು ಬೀದಿ ಬೀದಿ ಬರುತ್ತಾರೆ. ಸೀರೆ ಮೂವತ್ತು ವರ್ಷದ ಮೇಲೂ ಏನಾದರೂ ಕೊಡುತ್ತದೆ. ಫೋನಿಗೆ ಆ ಭಾಗ್ಯವಿಲ್ಲ.

ಎರಡನೇ ಲೆಕ್ಕ: ಹನೂರು

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದರೆ ನಡುವೆ ಹನೂರು. ಕೆಲವು ವರ್ಷಗಳ ಹಿಂದಷ್ಟೇ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾದ ಊರು. ಮಳೆ ನಂಬಿದ ಹೊಲಗಳು, ಆಚೆಗೆ ಕಾಡು. ಕೆಲಸಕ್ಕೆ ಬೆಂಗಳೂರು, ತಿರುಪ್ಪೂರು ಕಡೆ ಹೋದ ಹುಡುಗರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುತ್ತಾರೆ.

ಬೆಟ್ಟದಿಂದ ವಾಪಸು ಬರುವಾಗ ಟೀ ಕುಡಿಯಲು ನಿಂತೆವು. ಅಲ್ಲಿ ಒಬ್ಬ ಹುಡುಗ, ಇಪ್ಪತ್ನಾಲ್ಕು ಇರಬಹುದು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ. ಅವನ ಕೈಯಲ್ಲಿ 24,000ದ ಹೊಸ ಫೋನು, ತಿಂಗಳಿಗೆ ಎರಡು ಸಾವಿರದಂತೆ ಹನ್ನೆರಡು ಕಂತು. ಮೂರು ವರ್ಷದಲ್ಲಿ ಇದು ಮೂರನೆಯದು. ಹಿಂದಿನದರ ಕೊನೆ ಕಂತು ತೀರಿದ ತಿಂಗಳೇ ಅಂಗಡಿಯಿಂದ ಫೋನ್ ಬರುತ್ತದಂತೆ. ಎರಡು ಸಾವಿರ ಹೇಗೂ ಹೋಗಿ ಅಭ್ಯಾಸವಾಗಿರುತ್ತದೆ, ಹೋಗಲಿ ಅಂತ ಇನ್ನೊಂದು ತಗೊಳ್ಳುತ್ತಾನೆ. ‘ಬಡ್ಡಿ ಇಲ್ಲ’ ಎನ್ನುವ ಮಾತಿಗೆ ಹೆಚ್ಚು ಅರ್ಥವಿಲ್ಲ. ಬಡ್ಡಿಯೇ ಇಲ್ಲದ ಸಾಲ ಎಂಬುದು ಇರುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಸಿಗಬೇಕಿದ್ದ ರಿಯಾಯಿತಿಯಲ್ಲೋ, ಫೀಸಿನ ಹೆಸರಿನಲ್ಲೋ ಅದು ಒಳಗೇ ಕೂತಿರುತ್ತದೆ.

ಇನ್ನೊಂದು ಅಳತೆಯಲ್ಲಿ ನೋಡಿ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ಒಂದು ಮನೆಗೆ ವರ್ಷಕ್ಕೆ 100 ದಿನದ ಖಾತ್ರಿ. ಆ ಕೂಲಿಯಲ್ಲಿ ಇವನ ಫೋನಿನ ಬೆಲೆ 69 ದಿನದ ಕೆಲಸ. ನಮ್ಮ ಫೋಟೊಗ್ರಾಫರನ 79,900ದ ಫೋನಾದರೆ 229 ದಿನ, ಅಂದರೆ ಒಂದು ಮನೆಯ ಎರಡು ವರ್ಷದ ಖಾತ್ರಿ ಕೂಲಿಗಿಂತ ಜಾಸ್ತಿ.

ಇಷ್ಟು ಕಷ್ಟ ಯಾಕಪ್ಪ ಅಂದಾಗ ಹುಡುಗ ಮೊದಲು ಕ್ಯಾಮೆರಾ, ಗೇಮು ಅಂತೆಲ್ಲ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ನಮ್ಮಪ್ಪನ್ನ ಊರಲ್ಲಿ ಇವತ್ಗೂ ‘ಲೋ’ ಅಂತ್ಲೇ ಕರೀತಾರ ಕನಣ್ಣ. ಹೊಸ ಫೋನ್ ಕೈಲಿದ್ರ ನನ್ನ ‘ಬಾಪ್ಪ, ತೋರ್ಸು’ ಅಂತಾರ. ಹಳೇದಾದ್ರ ಯಾರೂ ಕೇಳಲ್ಲ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹೊಲ, ಮನೆ, ಅಪ್ಪನ ಹೆಸರು ಇವುಗಳಿಂದಲೇ ಮರ್ಯಾದೆ ತೂಗುವ ಕಡೆ, ದೊಡ್ಡ ಮನೆಯವರ ಮಗನ ಕೈಯಲ್ಲಿರುವ ವಸ್ತುವೇ ಕೂಲಿಯವರ ಮಗನ ಕೈಯಲ್ಲೂ ಇರಬಹುದಾದರೆ ಅದು ಫೋನು ಮಾತ್ರ. ಎರಡು ಸಾವಿರದ ಕಂತಿಗೆ ಅವನು ಕೊಳ್ಳುತ್ತಿರುವುದು ಆ ‘ಬಾಪ್ಪ’ ಎನ್ನುವ ಮಾತನ್ನು. ಆ ಮಾತಿನ ಆಯಸ್ಸು ಒಂದು ವರ್ಷ. ಫೋನು ಗಟ್ಟಿಯಾಗೇ ಇದ್ದರೂ ಅದು ತಂದ ಮರ್ಯಾದೆ ಸವೆಯುತ್ತದೆ, ಮತ್ತೆ ಕೊಳ್ಳಬೇಕಾಗುತ್ತದೆ.

ಟೀ ಅಂಗಡಿ ಅವನ ತಾಯಿಯದೇ ಎಂದು ಆಮೇಲೆ ಗೊತ್ತಾಯಿತು. ದುಡ್ಡು ಕೊಡುವಾಗ ಆಯಮ್ಮ ಹೇಳಿದರು: “ಕಂತ ಅವ್ನೇ ಕಟ್ಕತಾನ ಬುಡಪ್ಪ. ಸಂಬ್ಳ ತಡಾದ ತಿಂಗ್ಳು ಮಾತ್ರ ನಾ ನೋಡ್ಕಬೇಕು.” ಅವರ ಎರಡೂ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಇತ್ತು. ಓಲೆ ಎಲ್ಲಿದೆ ಎಂದು ನಾನು ಕೇಳಲಿಲ್ಲ.

ಮೂರನೇ ಲೆಕ್ಕ: ಯಳಂದೂರು

ಮೂರನೇ ದಿನ ಯಳಂದೂರು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಿಕ್ಕಿದ ಊರು. ಗೌರೀಶ್ವರ ದೇವಸ್ಥಾನದ ಬಳೆ ಮಂಟಪದಲ್ಲಿ ಕಲ್ಲಿನಲ್ಲೇ ಕೆತ್ತಿದ ಬಳೆಗಳ ಸರಪಳಿ ನೋಡಿ ಬಿಳಿಗಿರಿರಂಗನ ಬೆಟ್ಟ ಹತ್ತಿದೆವು.

ಬೆಟ್ಟದ ಸೋಲಿಗರಿಗೆ ರಂಗನಾಥ ಬರೀ ದೇವರಲ್ಲ, ನೆಂಟ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ‘ರಂಗಭಾವ’. ಈ ಭಾವನಿಗೆ ಎರಡು ವರ್ಷಕ್ಕೊಮ್ಮೆ ಭಕ್ತರು ಚರ್ಮದ ಹೊಸ ಪಾದರಕ್ಷೆ ಒಪ್ಪಿಸುತ್ತಾರೆ. ಒಂದು ಅಡಿ ಒಂಬತ್ತು ಅಂಗುಲ ಉದ್ದದ ಜೊತೆ. ದೇವರು ಅದನ್ನು ಮೆಟ್ಟಿಕೊಂಡು ಕಾಡೆಲ್ಲ ಬೇಟೆಯಾಡುತ್ತಾನೆ, ಹಾಗೆ ತಿರುಗಿ ತಿರುಗಿ ಅದು ಸವೆಯುತ್ತದೆ, ಅದಕ್ಕೇ ಹೊಸದು ಬೇಕು ಎಂಬುದು ನಂಬಿಕೆ. ಆ ಪಾದರಕ್ಷೆಯನ್ನು ತಲೆಗೆ ಮುಟ್ಟಿಸಿಕೊಂಡು ಜನ ಧನ್ಯರಾಗುತ್ತಾರೆ. ದೇವರಿಗೂ ಹೊಸದು ಬೇಕು ಸರಿ, ಆದರೆ ಮೊದಲು ಹಳೆಯದು ಸವೆದಿರಬೇಕು. ನನಗೆ ಈ ಕಟ್ಟುಪಾಡು ಬಹಳ ಹಿಡಿಸಿತು.

ಇಳಿದು ಬರುವಾಗ ದಾರಿಯ ಒಂದು ತಿರುವಿನಲ್ಲಿ ಮೂರು ಬೈಕು ನಿಂತಿದ್ದವು. ಸಿಗ್ನಲ್ ಸಿಗುವ ಜಾಗ. ಹತ್ತಿರದ ಪೋಡಿನ ಕಾಲೇಜು ಹುಡುಗಿಯೊಬ್ಬಳು ಅಣ್ಣನ ಜೊತೆ ಬಂದು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಫೋನಿನ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಕೊಳ್ಳೇಗಾಲದಲ್ಲಿ ತಗೊಂಡ ಸೆಕೆಂಡ್ ಹ್ಯಾಂಡ್, ಬ್ಯಾಟರಿ ಹೊಸದು ಹಾಕಿಸಿದ್ದೇವೆ ಅಂದಳು. ಮೊದಲ ಯಜಮಾನ ಬೇಡ ಅಂದ ಫೋನು ಇಲ್ಲಿ ಒಂದು ಮನೆಯ ಓದನ್ನು ನಡೆಸುತ್ತಿದೆ. ನಮ್ಮ ಫೋಟೊಗ್ರಾಫರನಂಥವರು ವರ್ಷ ವರ್ಷ ಬದಲಾಯಿಸುವುದರಿಂದಲೇ ಇಂಥ ಫೋನು ಕೆಳಗಿನ ಕೈಗಳಿಗೆ ಅಗ್ಗಕ್ಕೆ ಇಳಿಯುತ್ತದೆ ಎನ್ನುವುದನ್ನೂ ಒಪ್ಪಬೇಕು. ಡ್ರಾಯರಿನಲ್ಲಿ ಮಲಗಿದ ಹಳೆ ಫೋನಿನಿಂದ ಯಾರಿಗೂ ಉಪಯೋಗವಿಲ್ಲ.

ಹೀಗೆ ಮೂರು ಊರಿನಲ್ಲಿ ಮೂರು ಲೆಕ್ಕ ಸಿಕ್ಕಿತು. ವರ್ಷಕ್ಕೊಂದು ಫೋನು ಕೊಳ್ಳುವವರೆಲ್ಲ ಶೋಕಿಲಾಲರಲ್ಲ, ದಡ್ಡರೂ ಅಲ್ಲ. ಒಬ್ಬನಿಗೆ ಅದು ಕಸುಬು, ಇನ್ನೊಬ್ಬನಿಗೆ ಮರ್ಯಾದೆ. ನಾವು ಕೇಳಿಕೊಳ್ಳಬೇಕಾದ್ದು ಒಂದೇ: ಸವೆದಿರುವುದು ಏನು? ಬ್ಯಾಟರಿಯಾದರೆ ಬ್ಯಾಟರಿ ಹಾಕಿಸಿ. ಕಸುಬಿಗೆ ಸಾಲದಾಗಿದ್ದರೆ ಧಾರಾಳವಾಗಿ ಬದಲಾಯಿಸಿ, ಹಳೆಯದನ್ನು ಬೇಕಾದವರಿಗೆ ದಾಟಿಸಿ. ಸವೆದಿರುವುದು ಮರ್ಯಾದೆಯಾದರೆ ಆ ಹುಡುಗನನ್ನು ಗೇಲಿ ಮಾಡುವ ಬದಲು ಅವನ ಅಪ್ಪನನ್ನು ‘ಲೋ’ ಅನ್ನುವುದನ್ನು ಊರು ಬಿಡಲಿ. ಆಗ ಎಷ್ಟೋ ಕಂತುಗಳು ತಾವಾಗೇ ಉಳಿಯುತ್ತವೆ.

ಅಲ್ಲಿಯವರೆಗೆ, ಅಂಗಡಿಯ ಪುಟ್ಟ ಟೇಬಲ್ಲಿನ ಮುಂದೆ ಕೂತು ಸಹಿ ಹಾಕುವ ಮುಂಚೆ, ಮನೆಯಲ್ಲಿ ಅವ್ವನ ಕಿವಿಯನ್ನೊಮ್ಮೆ ನೋಡಿ ಬಂದರೆ ಒಳ್ಳೆಯದು.