ಹಾಕಿದ ನೀರು ಎಲ್ಲಿ ಹೋಗ್ತದ?

ಸಿಂಧನೂರಿನ ನಮ್ಮ ಮನೆಯ ಮುಂದೆ ನಿಲ್ಲುವ ಕಾರು ನನ್ನ ಮಗಳಿಗಿಂತ ವಯಸ್ಸಿನಲ್ಲಿ ದೊಡ್ಡದು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ರೇಡಿಯೇಟರಿಗೆ ಒಂದು ಬಾಟಲಿ ಬೋರ್‌ವೆಲ್ ನೀರು ಸುರಿದು, ಕೈ ಒರೆಸಿಕೊಂಡು ಒಳಗೆ ಬಂದರೆ ನನಗೆ ಏನೋ ಕರ್ತವ್ಯ ಮುಗಿಸಿದ ಸಮಾಧಾನ. ಕಾರಿನ ಕೆಳಗೆ ನೆಲ ಯಾವಾಗಲೂ ಒಣಗಿಯೇ ಇರುತ್ತಿತ್ತು. ಆದ್ದರಿಂದ ಸೋರಿಕೆಯ ಪ್ರಶ್ನೆಯೇ ಇಲ್ಲವೆಂದು ತೀರ್ಮಾನಿಸಿದ್ದೆ.

ದಸರಾ ರಜೆಗೆ ಬಂದಿದ್ದ ಮಗಳು ಒಂದು ದಿನ ಪಕ್ಕದಲ್ಲಿ ನಿಂತು ಕೇಳಿದಳು: “ಅಪ್ಪಾ, ದಿನಾ ಇಷ್ಟು ನೀರು ಹಾಕ್ತೀಯಲ್ಲ, ಅದು ಎಲ್ಲಿ ಹೋಗ್ತದ?”

“ಹಳೇ ಗಾಡಿವ್ವಾ, ಕುಡೀತದ” ಎಂದೆ. ಅವಳು ಸುಮ್ಮನಾದಳು, ಒಪ್ಪಲಿಲ್ಲ.

ರಜೆ ಮುಗಿಯಿತು. ಲಿಂಗಸುಗೂರಿನಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಅವಳನ್ನು ಹಾಸ್ಟೆಲ್ಲಿಗೆ ಬಿಡಲು ಮಧ್ಯಾಹ್ನದ ಬಿಸಿಲಿನಲ್ಲಿ ಹೊರಟೆವು. ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಸರಿದು ಮಸ್ಕಿಯ ಬೆಟ್ಟ ಕಾಣುವ ಹೊತ್ತಿಗೆ ಉಷ್ಣತೆ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳಕ್ಕೆ ಹಾಕಿದೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಬ್ಯಾಡಪ್ಪಾ! ಕುಕ್ಕರ್ ಇದ್ದಂಗ ಅದು. ತಗದ ಕೂಡ್ಲೇ ಮುಖಕ್ಕ ಹೊಡೀತದ.”

ಮುಚ್ಚಳದ ಮೇಲೆ 0.9 ಎಂಬ ಅಂಕಿ ಇತ್ತು. ಅಷ್ಟು ಒತ್ತಡದಲ್ಲಿ ನೀರು ಕುದಿಯಲು ಸುಮಾರು 118 ಡಿಗ್ರಿ ಸೆಲ್ಸಿಯಸ್ ಬೇಕು. ಮುಚ್ಚಳ ತೆಗೆದರೆ ಒತ್ತಡ ಇಳಿದು, ನೀರು ಆ ಕ್ಷಣವೇ ಕುದ್ದು ಚಿಮ್ಮುತ್ತದೆ. ಹಾಗೆಂದು ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಟ್ಟೀತು. ಕಾಯುವುದೊಂದೇ ದಾರಿ.

ಮರದ ನೆರಳಿನಲ್ಲಿ ಕುಳಿತೆವು. ದೂರದ ಬೆಟ್ಟ ತೋರಿಸಿ, 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಕಂಡ ಶಾಸನದ ಕಥೆ ಹೇಳಿದೆ. ಅಲ್ಲಿಯವರೆಗೆ ಸಿಕ್ಕ ತನ್ನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇದ್ದ ರಾಜನಿಗೆ ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರು ಸಿಕ್ಕಿತು. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ: “ಒತ್ತಡ, ಕುದಿಬಿಂದು ಎಲ್ಲಾ ಇಷ್ಟು ಚೆಂದ ಗೊತ್ತದ ನಿನಗ. ಮತ್ತ ಫಿಸಿಕ್ಸ್‌ನ್ಯಾಗ ಮಾರ್ಕ್ಸ್ ಯಾಕ ಬರಂಗಿಲ್ಲ?”

ಸ್ವಲ್ಪ ಹೊತ್ತು ಕಡ್ಡಿಯಿಂದ ಮಣ್ಣು ಗೀರಿದಳು. “ಇದನ್ನ ಹತ್ತನೇತ್ತ ತನಕ ಕನ್ನಡದಾಗ ಓದೀನಪ್ಪಾ. ಈಗ ಎಲ್ಲಾ ಇಂಗ್ಲಿಷ್. ಅರ್ಧ ತಿಳಿಯಂಗಿಲ್ಲ. ಕೇಳಾಕ ನಾಚಿಕಿ. ಟ್ಯೂಷನ್‌ನ್ಯಾಗೂ ಅದೇ ಇಂಗ್ಲಿಷ್.”

ನಾನು ಮಾತಾಡಲಿಲ್ಲ. ಅಂಕ ಕಡಿಮೆಯಾದಾಗಲೆಲ್ಲ ನಾನು ಮಾಡಿದ್ದು ಒಂದೇ, ಇನ್ನೊಂದು ಟ್ಯೂಷನ್ನಿಗೆ ದುಡ್ಡು ಕಟ್ಟಿದ್ದು. ಜೊತೆಗೆ ಬಿಸಿಯಾಗಿದ್ದಾಗ ನಾಲ್ಕು ಬೈಗುಳ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕುಡಿಯುವ ನೀರು ತುಂಬಿ, ನಿಧಾನವಾಗಿ ಮಸ್ಕಿಯ ಒಂದು ಗ್ಯಾರೇಜು ಸೇರಿದೆವು. ಮಿಸ್ತ್ರಿ ಮೊದಲು ಇಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದ. ಎಣ್ಣೆ ಹಾಲಿನಂತೆ ಬಿಳಚಿಕೊಂಡಿದ್ದರೆ, ಸೈಲೆನ್ಸರಿನಿಂದ ದಟ್ಟ ಬಿಳಿಹೊಗೆ ನಿಲ್ಲದೆ ಬರುತ್ತಿದ್ದರೆ ನೀರು ಒಳಗೇ ಸೋರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಎಂದರ್ಥವಂತೆ. ಪುಣ್ಯಕ್ಕೆ ಎರಡೂ ಇರಲಿಲ್ಲ. ನಂತರ ಮುಚ್ಚಳದ ಜಾಗಕ್ಕೆ ಮೀಟರಿರುವ ಕೈಪಂಪು ಜೋಡಿಸಿ ಗಾಳಿ ತುಂಬಿದ. ಮುಳ್ಳು ನಿಧಾನವಾಗಿ ಇಳಿಯತೊಡಗಿತು. ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಪೈಪುಗಳ ಕ್ಲಿಪ್ಪುಗಳು, ಹೀಗೆ ಒಂದೊಂದೇ ಟಾರ್ಚ್ ಬಿಟ್ಟು ನೋಡಿದ. ಕಂಡುಹಿಡಿದದ್ದು ಮಾತ್ರ ಮಗಳು. “ಅಲ್ಲಿ ಬೆಳ್ಳಗ ಏನೋ ಅದ!”

ಇಂಜಿನ್ನಿನ ಹಿಂದಿನ ಸಣ್ಣ ಪೈಪು ಕ್ಲಿಪ್ಪಿನ ಬಳಿ ಸೀಳಿತ್ತು. ಕಾದ ಲೋಹದ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತಿದ್ದುದರಿಂದ ನೆಲ ಒಣಗಿರುತ್ತಿತ್ತು. ಗುರುತು ಉಳಿಸಿದ್ದು ನಮ್ಮ ಬೋರ್‌ವೆಲ್ ನೀರಿನ ಉಪ್ಪು. ಅದೇ ಉಪ್ಪು ರೇಡಿಯೇಟರಿನ ನಾಳಗಳನ್ನೂ ಕಟ್ಟುತ್ತದೆ ಎಂದು ಮಿಸ್ತ್ರಿ ಬೈದ. ಪೈಪು, ಕ್ಲಿಪ್ಪು ಬದಲಿಸಿ, ಒಳಗೆಲ್ಲ ತೊಳೆದು, ಕೂಲಂಟ್ ತುಂಬಿ, ಸಿಕ್ಕಿಕೊಂಡ ಗಾಳಿ ಹೊರಹೋಗುವವರೆಗೆ ಇಂಜಿನ್ ಓಡಿಸಿದ. ಚೆಲ್ಲಿದ್ದನ್ನು ಕೂಡಲೇ ಒರೆಸಿದ. ಕೂಲಂಟ್ ಸಿಹಿಯಾಗಿರುತ್ತದೆ, ಆದರೆ ವಿಷ; ನಾಯಿ ನೆಕ್ಕಿದರೆ ಬದುಕುವುದು ಕಷ್ಟ.

ಕತ್ತಲಾಗುವ ಮೊದಲು ಲಿಂಗಸುಗೂರು ಮುಟ್ಟಿದೆವು. ಹಾಸ್ಟೆಲ್ಲಿಗೆ ಹೋಗುವ ಮುನ್ನ ಒಂದು ಇಂಗ್ಲಿಷ್-ಕನ್ನಡ ನಿಘಂಟು ಕೊಡಿಸಿದೆ. ಎರಡು ಟ್ಯೂಷನ್‌ಗಳಲ್ಲಿ ಒಂದನ್ನು ಬಿಡಿಸಿದೆ. ಅಂದಂದಿನ ಪಾಠದಲ್ಲಿ ತಿಳಿಯದ ಪದಗಳನ್ನು ಬರೆದಿಟ್ಟು, ರಾತ್ರಿ ಫೋನಿನಲ್ಲಿ ಪಾಠವನ್ನು ಕನ್ನಡದಲ್ಲಿ ನನಗೆ ಹೇಳಬೇಕೆಂಬುದು ಒಪ್ಪಂದ. ನನಗೂ ಅರ್ಧ ತಿಳಿಯುವುದಿಲ್ಲ. ತಿಳಿಯದಿದ್ದರೆ ಕೇಳುತ್ತೇನೆ, ನಾಚಿಕೆಯಿಲ್ಲದೆ.

ಅಂಕಗಳು ಇನ್ನೂ ಏರಿಲ್ಲ. ಆದರೆ ಸೋರುವ ಜಾಗ ಗೊತ್ತಾಗಿದೆ. ಈಗ ರಾತ್ರಿ ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ, ಬೆಳಿಗ್ಗೆ ಕಲೆ ಬಿದ್ದಿದೆಯೇ ಎಂದು ನೋಡುತ್ತೇನೆ. ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಒಳಗಿನ ಮಟ್ಟವನ್ನೂ ನೋಡುತ್ತೇನೆ, ಏಕೆಂದರೆ ಒಣನೆಲವನ್ನು ನಂಬಿ ಒಮ್ಮೆ ಮೋಸಹೋಗಿದ್ದೇನೆ.