ಎರಡು ಪಟ್ಟಿಗಳು

ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನಮ್ಮ ಕಾರವಾರ-ಅಂಕೋಲೆಯಲ್ಲಿ ಅಣು ಅಂದ್ರೆ ಕೈಗಾ. ಕಾಳಿ ನದಿ ದಂಡೆಯ ಮೇಲೆ 220 ಮೆಗಾವಾಟ್‌ನ 4 ಘಟಕಗಳು. ಕದ್ರಾ ಅಣೆಕಟ್ಟು, ಕೈಗಾ, ಸೀಬರ್ಡ್, ಇಷ್ಟಕ್ಕೂ ಜಾಗ ಕೊಟ್ಟದ್ದು ಈ ನೆಲ. ಮುಕ್ರಿ, ಆಗೇರ, ಹಳ್ಳೇರ ಕೇರಿಗಳಲ್ಲಿ ಅಣುಸ್ಥಾವರದ ಮಾತು ಬಂದರೆ ಕೇಳುವುದು ಒಂದೇ ಪ್ರಶ್ನೆ: "ಗುತ್ತಿಗೆ ಕೆಲಸ ಸಿಗ್ತದಾ?"

ಈಗ ನಮ್ಮ ಕೇರಿಯ ಹುಡುಗಿಯೊಬ್ಬಳು ಬೇರೆ ಪ್ರಶ್ನೆ ಕೇಳ್ತಿದ್ದಾಳೆ. ಅರಬೈಲ್ ಘಾಟಿ ಹತ್ತಿ ಧಾರವಾಡಕ್ಕೆ ಹೋಗಿ ಎಂಎಸ್ಸಿ ಭೌತಶಾಸ್ತ್ರ ಓದ್ತಾ ಇದ್ದಾಳೆ. ಮುಂದೆ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುವ ಆಸೆ. "ಅಣ್ಣಾ, ಆ ತಂಡಗಳಲ್ಲಿ ನಮ್ಮವ್ರು ಯಾರಾದ್ರೂ ಇದ್ದಾರಾ?" ಅಂದಳು. ಉತ್ತರ ಹುಡುಕ್ತಾ ಹೋದಾಗ ಎರಡು ಪಟ್ಟಿಗಳು ಸಿಕ್ಕವು.

ಮೊದಲನೇ ಪಟ್ಟಿ ಜಿನೀವಾ ಪಕ್ಕದ ಸರ್ನ್ ಪ್ರಯೋಗಾಲಯದ್ದು. ಅಲ್ಲಿ 'ಆಲಿಸ್' ಅಂತ ಒಂದು ಪ್ರಯೋಗ ಇದೆ. ಸೀಸದ ನ್ಯೂಕ್ಲಿಯಸ್‌ಗಳನ್ನು ಹೆಚ್ಚೂಕಡಿಮೆ ಬೆಳಕಿನ ವೇಗದಲ್ಲಿ ಓಡಿಸಿ ಡಿಕ್ಕಿ ಹೊಡೆಸ್ತಾರೆ. ಸೂರ್ಯನ ಒಡಲಿಗಿಂತ ಲಕ್ಷ ಪಟ್ಟು ಬಿಸಿಯಾದ ದ್ರವ್ಯ ಕ್ಷಣಮಾತ್ರ ಹುಟ್ಟಿ ಮಾಯವಾಗ್ತದೆ. ವಿಶ್ವದ ಮೊದಮೊದಲ ಮೈಕ್ರೋಸೆಕೆಂಡುಗಳಲ್ಲಿ ಎಲ್ಲವೂ ಹಾಗೇ ಇತ್ತಂತೆ. ಇದು ಒಬ್ಬಿಬ್ಬರ ಕೆಲಸ ಅಲ್ಲ. ರಾತ್ರಿ ಪಾಳಿಯಲ್ಲಿ ಯಂತ್ರ ಕಾಯುವವರು, ಪ್ರೋಗ್ರಾಂ ಬರೆಯುವವರು, ಲೆಕ್ಕ ತಾಳೆ ನೋಡುವವರು, ಎಲ್ಲ ಬೇಕು. ಪ್ರಬಂಧ ಹೊರಬಂದಾಗ ಹೆಸರುಗಳೆಲ್ಲ ಅಕ್ಷರಗಳ ಕ್ರಮದಲ್ಲಿ. ಪ್ರೊಫೆಸರ್ ಮೊದಲು, ವಿದ್ಯಾರ್ಥಿ ಕೊನೆಗೆ ಅಂತಿಲ್ಲ. ಸರ್ನ್‌ನ ಇನ್ನೆರಡು ತಂಡಗಳು ಸೇರಿ 2015ರಲ್ಲಿ ಹಿಗ್ಸ್ ಕಣದ ಬಗ್ಗೆ ಬರೆದ ಒಂದು ಲೇಖನಕ್ಕೆ 5,154 ಲೇಖಕರು! ಪಂಕ್ತಿಭೇದ ನೋಡಿ ಬೆಳೆದ ನಮಗೆ ಇದು ಸಣ್ಣ ಸಂಗತಿ ಅಲ್ಲ.

ಆಲಿಸ್‌ನಲ್ಲಿ ಭಾರತದ ತಂಡಗಳೂ ಇವೆ. ಅದಕ್ಕೆ ಬೇಕಾದ 'ಮಾನಸ್' ಎಂಬ ಚಿಪ್ ವಿನ್ಯಾಸ ಮಾಡಿದ್ದು ಕೋಲ್ಕತ್ತಾದ ಸಾಹಾ ಸಂಸ್ಥೆ. ಅದನ್ನು ಕಟ್ಟಿದ ಮೇಘನಾದ ಸಾಹಾ ಯಾರು? ಹಳ್ಳಿಯ ಕಿರಾಣಿ ಅಂಗಡಿಯವರ ಮಗ, ಆ ಕಾಲ ಕೀಳೆಂದು ಎಣಿಸಿದ ಜಾತಿಯವರು. ಹಾಸ್ಟೆಲ್‌ನಲ್ಲಿ ಮೇಲ್ಜಾತಿ ಹುಡುಗರು ಅವರ ಜೊತೆ ಊಟಕ್ಕೆ ಕೂರಲು ಒಪ್ಪಲಿಲ್ಲ. ಅದೇ ಸಾಹಾ ನಕ್ಷತ್ರಗಳ ಬೆಳಕನ್ನು ಓದುವ ಸಮೀಕರಣ ಕೊಟ್ಟರು.

ಈಗ ಎರಡನೇ ಪಟ್ಟಿ. ಕೇಂದ್ರೀಯ ಶಿಕ್ಷಣ ಸಂಸ್ಥೆಗಳ ಪ್ರವೇಶದಲ್ಲಿ ಮೀಸಲಾತಿಗೆ 2006ರ ಕಾಯ್ದೆ ಇದೆ, ಬೋಧಕರ ನೇಮಕಾತಿಗೆ 2019ರ ಕಾಯ್ದೆ ಇದೆ. ಎರಡರಲ್ಲೂ 4ನೇ ಸೆಕ್ಷನ್, ಕೊನೆಯಲ್ಲೊಂದು ಪಟ್ಟಿ: ಈ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಯಾವುವು? ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಕೋಲ್ಕತ್ತಾದ ಸೈಕ್ಲೋಟ್ರಾನ್ ಕೇಂದ್ರ, ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ, ಇನ್ನೂ ಕೆಲವು. ಸಾಹಾ ಸಂಸ್ಥೆಯೂ ಅದರಲ್ಲಿದೆ. ಊಟದ ಪಂಕ್ತಿಯಿಂದ ಹೊರಗಿಟ್ಟವರ ಹೆಸರಿನ ಮನೆಗೇ ಈ ವಿನಾಯಿತಿ!

ಇದಕ್ಕೆ ಇಟ್ಟ ಹೆಸರು 'ಉತ್ಕೃಷ್ಟತೆ'. ಅಂದ್ರೆ ನಾವು ಬಂದ್ರೆ ಅದು ಕೆಡ್ತದೆ ಅಂತಲೇ? ಕೋಲಾರದ ಚಿನ್ನದ ಗಣಿ ನೋಡಿ. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಜ್ಞಾನಿಗಳು ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಪತ್ತೆ ಮಾಡಿದರು. ಅದು ಜಗತ್ತು ಮೆಚ್ಚಿದ ಕೆಲಸ, ನಾನೂ ಮೆಚ್ತೇನೆ. ಆದ್ರೆ ಆ ಆಳದವರೆಗೆ ಕಲ್ಲು ಒಡೆದದ್ದು ಗಣಿ ಕಾರ್ಮಿಕರು, ಬಹುಪಾಲು ದಲಿತರು. ನೆಲ ಅಗೆಯುವಾಗ ಯಾರೂ ನಮ್ಮ ಉತ್ಕೃಷ್ಟತೆ ಕೇಳಲಿಲ್ಲ.

ತಂಡ ಅಂದ್ರೆ ಬರೀ ಲೇಖಕರ ಪಟ್ಟಿ ಅಲ್ಲ. ಗೈಡ್ ಯಾರನ್ನು ಒಪ್ತಾರೆ, ಜಿನೀವಾ ಪಾಳಿಗೆ ಯಾರನ್ನು ಕಳಿಸ್ತಾರೆ, ಸಮ್ಮೇಳನದಲ್ಲಿ ಮಾತಾಡಲು ಯಾರ ಹೆಸರು ಕೊಡ್ತಾರೆ, ಕ್ಯಾಂಟೀನ್ ಟೇಬಲ್ಲಿಗೆ ಯಾರನ್ನು ಕರೀತಾರೆ, ಇದೆಲ್ಲ ಅಕ್ಷರಗಳ ಕ್ರಮದಲ್ಲಿ ನಡೆಯೋದಿಲ್ಲ. ಜಾತಿ ಕೆಲಸ ಮಾಡೋದು ಅಲ್ಲಿ. ಒಳಗೆ ನಮ್ಮವರು ಹತ್ತು ಜನ ಇದ್ರೆ ಹನ್ನೊಂದನೆಯವಳಿಗೆ ಧೈರ್ಯ. ಒಬ್ಬರೂ ಇಲ್ಲದಿದ್ರೆ ಅವಳು ಫಿಸಿಕ್ಸ್ ಮಾಡಬೇಕೋ, ದಿನಾ ತನ್ನ ಯೋಗ್ಯತೆ ಸಾಬೀತು ಮಾಡ್ತಾ ಕೂರಬೇಕೋ?

ಬೇಡಿಕೆ ಎರಡು. ಒಂದು, ಆ ವಿನಾಯಿತಿ ಪಟ್ಟಿ ತೆಗೀರಿ. ಎರಡು, ಅಲ್ಲಿವರೆಗೂ ಆ ಸಂಸ್ಥೆಗಳು ವಿದ್ಯಾರ್ಥಿಗಳಲ್ಲಿ, ಬೋಧಕರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಎಷ್ಟು ಜನ ಅಂತ ಪ್ರತಿವರ್ಷ ಪ್ರಕಟಿಸಲಿ. ನಮ್ಮ ಸಂಸದರಿಗೆ ಕಾಗದ ಬರೆಯಿರಿ.

ನಮ್ಮ ಮಕ್ಕಳಿಗೆ ಒಂದು ಮಾತು. ಬಾಗಿಲು ಪೂರ್ತಿ ಮುಚ್ಚಿಲ್ಲ. ಆಲಿಸ್‌ನಲ್ಲಿ ಐಐಟಿ ಬಾಂಬೆ, ಐಐಟಿ ಇಂದೋರ್, ಪಂಜಾಬ್ ಮತ್ತು ಜಮ್ಮು ವಿಶ್ವವಿದ್ಯಾಲಯಗಳೂ ಕೆಲಸ ಮಾಡಿವೆ, ಅವು ವಿನಾಯಿತಿ ಪಟ್ಟಿಯಲ್ಲಿಲ್ಲ. ನೆಟ್, ಗೇಟ್ ಬರೆಯಿರಿ. ಪಿಎಚ್‌ಡಿಗೆ ಪರಿಶಿಷ್ಟ ಜಾತಿಯವರಿಗೆಂದೇ ರಾಷ್ಟ್ರೀಯ ಫೆಲೋಶಿಪ್ ಇದೆ. ದೂರ ಹೋಗೋದು ಕಷ್ಟ ಅಂದ್ರೆ ಮಂಗಳೂರು ವಿಶ್ವವಿದ್ಯಾಲಯ ಇದೆ. ಕೈಗಾ ಶುರುವಾಗುವ ಮುಂಚೆಯೇ ಈ ಸುತ್ತಿನ ಪರಿಸರದಲ್ಲಿ ವಿಕಿರಣ ಎಷ್ಟಿದೆ ಅಂತ ಅಳೆದದ್ದು ಅಲ್ಲಿಯ ಭೌತಶಾಸ್ತ್ರ ತಂಡ. ನಮ್ಮ ಮಣ್ಣು, ನಮ್ಮ ನೀರು. ಅದನ್ನು ಅಳೆಯುವ ಕೈಗಳಲ್ಲಿ ನಮ್ಮವೂ ಇರಲಿ.

ಓದುವ ಮಕ್ಕಳಿರುವ ಮನೆಗಳಿಗೆ ಇದನ್ನು ಮುಟ್ಟಿಸಿ.

ಜೈ ಭೀಮ್.